ಪದ್ಮಿನಿ ತಗೊಳ್ಳಲಾ, ಮಾರುತಿ 800 ತಗೊಳ್ಳಲಾ?

ಹಳೇ ಕಾರಿನ ಹುಚ್ಚು ಹತ್ತಿದವರೆಲ್ಲ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಕೇಳುವಾಗಲೇ ಮನಸ್ಸು ಪದ್ಮಿನಿ ಕಡೆ ವಾಲಿರುತ್ತದೆ. ನಾನು ಮಾರುತಿ ಅಂದರೆ ಮುಖ ಸಪ್ಪಗಾಗುತ್ತದೆ. "ಅಯ್ಯೋ ಸಾರ್, ಅದು ನಮ್ಮ ಮೇಷ್ಟ್ರ ಹತ್ರ ಇದ್ದ ಕಾರು!"

ಇರಲಿ ಬಿಡಿ. ಮೊದಲ ಹಳೇ ಕಾರಾದರೆ 800 ತಗೊಳ್ಳಿ.

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಇಲ್ಲಿ 1964ರಲ್ಲಿ ಡಿಲೈಟ್ ಅನ್ನೋ ಹೆಸರಲ್ಲಿ ಬಂತು, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಆಯಿತು. 1089 ಸಿಸಿ, ನಾಲ್ಕು ಸಿಲಿಂಡರ್, ಹಿಂದಿನ ಚಕ್ರ ತಳ್ಳುವ ಗಾಡಿ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ಮುಂದೆ ಉದ್ದನೆಯ ಸೀಟು, ಮೂವರು ಆರಾಮಾಗಿ ಕೂರಬಹುದು. 1983ರ ಡಿಸೆಂಬರಿನಲ್ಲಿ ಬಂದ 800ರದ್ದು 796 ಸಿಸಿ, ಮೂರು ಸಿಲಿಂಡರ್, ಎಳೆಯೋದು ಮುಂದಿನ ಚಕ್ರ. ತಮಾಷೆ ಅಂದರೆ ಇವೆರಡೂ ಹದಿನೈದು ವರ್ಷಕ್ಕೂ ಜಾಸ್ತಿ ಒಟ್ಟಿಗೇ ಮಾರಾಟವಾದವು. ಅಜ್ಜ, ಮೊಮ್ಮಗ ಒಂದೇ ಕ್ಲಾಸಿನಲ್ಲಿ ಕೂತ ಹಾಗೆ.

ಪದ್ಮಿನಿಯನ್ನು ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿ ನೋಡಿ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಅದು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ, ಆವಿಯನ್ನು ಪಂಪು ತಳ್ಳಲಾರದು, ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ನನಗೆ ಅದು ಖುಷಿ. ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಕೂತಿದ್ದರೆ ಖುಷಿ ಸ್ವಲ್ಪ ಕಮ್ಮಿ.

800ಕ್ಕೆ ಈ ಗೋಳಿಲ್ಲ. ಬೀದಿ ಮೂಲೆಯ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಅದರ ಶತ್ರು ತುಕ್ಕು. ಮ್ಯಾಟ್ ಎತ್ತಿ ನೆಲ ನೋಡಿ, ಬ್ಯಾಟರಿ ಕೆಳಗಿನ ತಟ್ಟೆ ನೋಡಿ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ, ಬಾಗಿಲಿನ ಕೆಳಭಾಗದಲ್ಲಿ ಆಡಿಸಿ. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ. ಎಂಜಿನ್ ರಿಪೇರಿಗಿಂತ ಟಿಂಕರಿಂಗ್ ಖರ್ಚೇ ಜಾಸ್ತಿ, ನೆನಪಿರಲಿ.

ಎರಡಕ್ಕೂ ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗೋದು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಅದಕ್ಕೆ ತಡೆಯಲ್ಲ. ಗಾಡಿ ತಂದ ವಾರದಲ್ಲೇ ಪೆಟ್ರೋಲ್ ಪೈಪುಗಳನ್ನು ಬದಲಿಸಿ, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಯಾದರೆ ಅದನ್ನು ಬಿಚ್ಚಿಸಿ ಅದರ ರಬ್ಬರುಗಳನ್ನೂ ಹೊಸದು ಹಾಕಿಸಿ.

ಹಾಗಾದರೆ ಪದ್ಮಿನಿ ಯಾರಿಗೆ? ಮನೆಯಲ್ಲಿ ದಿನಾ ಓಡಿಸೋಕೆ ಬೇರೆ ಗಾಡಿ ಇರಬೇಕು. ಊರಲ್ಲಿ ಫಿಯೆಟ್ ಬಲ್ಲ ಮೆಕ್ಯಾನಿಕ್ ಇರಬೇಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆಸಿ ರೋಡ್, ಶಿವಾಜಿನಗರ ಸುತ್ತುವ ತಾಳ್ಮೆ ಇರಬೇಕು. ಈ ಮೂರೂ ಇದ್ದರೆ ನನ್ನನ್ನು ಕೇಳಲೇಬೇಡಿ, ಸುಮ್ನೆ ತಗೊಳ್ಳಿ. ದುಡ್ಡು ಕೊಡೋ ಮುಂಚೆ ಮಾತ್ರ ಆರ್‌ಸಿ ನೋಡಿ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಅದು ಆಗಿರದಿದ್ದರೆ ಮಾರುವವರೇ ಮಾಡಿಸಿಕೊಡಲಿ.