ಹಳೆಯ ಬಂಗಲೆಯ ಹಿಂಬದಿಗೆ ಹೊಸ ಕಟ್ಟಡ

1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗಾಗಿ ಬೆಳೆದ ಬಸವನಗುಡಿಯಲ್ಲಿ, ಆ ಹಳೆಯ ಮನೆಗಳ ಪೈಕಿ ಇಂದಿಗೂ ಉಳಿದಿರುವುದು ಕೆಲವೇ. ಅಂಥ ಒಂದು ಬಂಗಲೆಗೆ ಎರಡು ಮಲಗುವ ಕೋಣೆ, ಅಡುಗೆಮನೆ ಮತ್ತು ಮನೆಯ ಹಿರಿಯಮ್ಮನವರು ಯಾರ ಆಸರೆಯೂ ಇಲ್ಲದೆ ಬಳಸಬಹುದಾದ ಬಚ್ಚಲನ್ನು ಸೇರಿಸಿಕೊಡಬೇಕೆಂದು ಮನೆಯವರು ನನ್ನನ್ನು ಕೇಳಿದರು. ಕೆಡವಿ ಫ್ಲಾಟುಗಳನ್ನು ಕಟ್ಟಿಸಿದರೆ ಸಿಗುವ ಲಾಭದ ಲೆಕ್ಕವನ್ನು ಹಲವರು ಅವರ ಮುಂದಿಟ್ಟಿದ್ದರೂ ಅವರು ಅದಕ್ಕೆ ಒಪ್ಪಿರಲಿಲ್ಲ. ಆ ಒಂದು ಕಾರಣಕ್ಕೇ ನಾನು ಈ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡೆ.

ಮನೆಯ ಮುಂಭಾಗದ ಕಿಟಕಿಗಳ ಮೇಲೆ ಬೆಂಗಳೂರಿನ ಹಳೆಯ ಬಂಗಲೆಗಳ ಗುರುತಾದ ಮಂಕಿ ಟಾಪ್‌ಗಳಿವೆ. ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಈ ಚೂಪು ತಲೆಯ ಮುಚ್ಚಿಗೆಗಳು ಬಿಸಿಲು, ಮಳೆಗಳನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತವೆ. ಹೊಸ ಭಾಗಕ್ಕೂ ಇವೇ ಇರಲಿ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಗೊತ್ತಾಗಬಾರದು ಎಂಬುದು ಯಜಮಾನರ ಆಸೆಯಾಗಿತ್ತು. ನಾನು ಅದಕ್ಕೆ ಒಪ್ಪಲಿಲ್ಲ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಬಗ್ಗೆ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಅನಿವಾರ್ಯವಾಗಿ ಸೇರಿಸುವ ಕೆಲಸವು ಮೂಲದಿಂದ ಬೇರೆಯಾಗಿ ಕಾಣಬೇಕು, ತನ್ನ ಕಾಲದ ಮುದ್ರೆಯನ್ನು ಹೊತ್ತಿರಬೇಕು ಎನ್ನುತ್ತದೆ. ಸ್ವಂತ ಮನೆಯನ್ನು ದುರಸ್ತಿ ಮಾಡಿಸುವವರಿಗೆ ಈ ಸನ್ನದಿನ ಕಟ್ಟುಪಾಡೇನೂ ಇಲ್ಲ. ಆದರೂ ಅದರ ಹಿಂದಿನ ವಿವೇಕವನ್ನು ನಾನು ನಂಬುತ್ತೇನೆ. ಬಡಗಿ ಒಂದೊಂದೇ ಪಟ್ಟಿಯನ್ನು ಕೂರಿಸಿ ಮಾಡಿದ ವಸ್ತುವನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ಪಕ್ಕದಲ್ಲಿ ನಿಲ್ಲಿಸಿದರೆ, ನಿಜವಾದ ಹಳೆಯದರ ಬೆಲೆಯೂ ಕಡಿಮೆಯಾಗುತ್ತದೆ. ಹೊಸ ಕಿಟಕಿಗಳಿಗೆ ಅಗಲವಾದ ಸಜ್ಜೆ ಮತ್ತು ಓರೆಯಾದ ಮರದ ಪಟ್ಟಿಗಳನ್ನು ಕೊಟ್ಟು, ಮಂಕಿ ಟಾಪ್ ಮಾಡುವ ಕೆಲಸವನ್ನಷ್ಟೇ ಉಳಿಸಿಕೊಳ್ಳೋಣ ಎಂದು ನಕ್ಷೆ ಬರೆದು ತೋರಿಸಿದ ಮೇಲೆ ಅವರು ಒಪ್ಪಿದರು.

ನಕ್ಷೆಯ ಉಳಿದೆಲ್ಲ ತೀರ್ಮಾನಗಳೂ ಹಿಂಬದಿಯ ಗೋಡೆಯ ಬುಡದಲ್ಲಿ ಪರೀಕ್ಷೆಯ ಗುಂಡಿ ತೋಡಿದ ದಿನ ಆದವು. ಹಳೆಯ ಪಾಯ ಎಷ್ಟು ಆಳಕ್ಕಿದೆ, ಯಾವುದರ ಮೇಲೆ ಕೂತಿದೆ ಎಂಬುದು ಗೊತ್ತಾಗದೆ ಹೊಸ ಕಂಬದ ಜಾಗವನ್ನು ಗುರುತಿಸುವಂತಿರಲಿಲ್ಲ. ಮೇಸ್ತ್ರಿಯವರು ಹಾರೆ ಬಿಟ್ಟು ಸಣ್ಣ ಸಲಿಕೆಯಿಂದ ಕೆಂಪುಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆಸಿದರು. ಸುಮಾರು ಮೂರೂವರೆ ಅಡಿಗೆ ಸೈಜುಗಲ್ಲಿನ ಕಟ್ಟಡ ಮುಗಿದು ಗಟ್ಟಿ ನೆಲ ಸಿಕ್ಕಿತು. ಒಂದೂವರೆ ಅಡಿ ದಪ್ಪದ ಗೋಡೆಯ ಭಾರವನ್ನೆಲ್ಲ ಆ ಕಲ್ಲುಗಳೇ ಹೊತ್ತಿದ್ದವು. ಕಬ್ಬಿಣವಾಗಲಿ ಕಾಂಕ್ರೀಟಾಗಲಿ ಎಲ್ಲೂ ಇರಲಿಲ್ಲ. ಮೇಸ್ತ್ರಿಯವರು ಸಂದಿನ ಗಾರೆಯನ್ನು ಉಗುರಿನಿಂದ ಕೆರೆದು, ಬೆರಳುಗಳ ನಡುವೆ ಪುಡಿ ಮಾಡಿ ನನಗೆ ತೋರಿಸಿದರು. ಬಿಳಿಯ ಸುಣ್ಣದಲ್ಲಿ ಇಟ್ಟಿಗೆ ಪುಡಿಯ ಕೆಂಪು ಕಣಗಳು ಸ್ಪಷ್ಟವಾಗಿ ಕಾಣುತ್ತಿದ್ದವು. “ಇದು ಸುರ್ಕಿ ಗಾರೆ ಮೇಡಂ. ಇದರ ಪಕ್ಕದಲ್ಲಿ ಇದಕ್ಕಿಂತ ಆಳ ತೋಡಿದರೆ ಗೋಡೆ ಜರುಗತ್ತೆ, ಆಮೇಲೆ ಯಾರೂ ಹಿಡಿಯಕ್ಕಾಗಲ್ಲ” ಎಂದರು.

ಅವರ ಮಾತಿಗೆ ಸಾಕ್ಷಿ ಅದೇ ಮನೆಯಲ್ಲಿತ್ತು. ಎಷ್ಟೋ ವರ್ಷಗಳ ಹಿಂದೆ ಪಕ್ಕದಲ್ಲಿ ಸೇರಿಸಿದ್ದ ಆರ್‌ಸಿಸಿ ಸೂರಿನ ಉಗ್ರಾಣ ಹಳೆಯ ಗೋಡೆಯನ್ನು ಸೇರುವ ಕಡೆ ನೆಲದಿಂದ ಚಾವಣಿಯವರೆಗೆ ಬಿರುಕು ಬಿಟ್ಟಿತ್ತು, ಅದಕ್ಕೆ ಎಷ್ಟು ಸಲ ಸಿಮೆಂಟು ತುಂಬಿದರೂ ಮತ್ತೆ ಬಾಯಿ ಬಿಡುತ್ತಿತ್ತು. ಎರಡು ಕಟ್ಟಡಗಳು ಬೇರೆಬೇರೆ ಆಳದ ಪಾಯದ ಮೇಲೆ ಕೂತಿರುವಾಗ, ಒಂದು ಸುಣ್ಣದ್ದು ಇನ್ನೊಂದು ಕಾಂಕ್ರೀಟಿನದ್ದಾಗಿ ಬಿಸಿಲಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವಾಗ, ಅವನ್ನು ಬಿಗಿದು ಕಟ್ಟಿದರೆ ಬಿರುಕು ಬರಲೇಬೇಕು. ಹೀಗಾಗಿ ಹೊಸ ಕಂಬಗಳನ್ನು ಹಳೆಯ ಗೋಡೆಯಿಂದ ನಾಲ್ಕು ಅಡಿ ಆಚೆಗೆ ಸರಿಸಿ, ಅಲ್ಲಿಂದ ಉಕ್ಕಿನ ತೊಲೆಗಳನ್ನು ಮಾತ್ರ ಗೋಡೆಯ ಕಡೆಗೆ ಚಾಚಿದೆವು. ತೊಲೆ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ ಎರಡು ಅಂಗುಲದ ಸಂದು ಬಿಟ್ಟು, ಅದನ್ನು ಮೇಲಿನಿಂದ ತಗಡಿನ ಪಟ್ಟಿಯಿಂದ ಮುಚ್ಚಿದ್ದೇವೆ. ಆ ನಾಲ್ಕು ಅಡಿಯ ಜಾಗವೇ ಈಗ ಗಾಜಿನ ಮಾಡಿನ ನಡೆಮನೆಯಾಗಿದೆ, ಮನೆಯ ಅತ್ಯಂತ ಬೆಳಕಿನ ಜಾಗವೂ ಅದೇ. ಹಳೆಯ ಹೆಂಚಿನ ಮಾಡಿನ ನೀರು ಗಾಜಿನ ಮೇಲೆ ಸುರಿಯದಂತೆ ಗಾಜನ್ನು ಹಳೆಯ ಸೂರಿನ ಕೆಳಗೇ ತಂದು, ಸೂರಿನ ತುದಿಗೆ ಮಳೆನೀರು ಹರಿದುಹೋಗುವ ಅಗಲವಾದ ದೋಣಿ ಹಾಕಿಸಿದೆ. ಇಂಥ ಕೆಲಸಗಳಲ್ಲಿ ಬಹುಪಾಲು ತೊಂದರೆ ಶುರುವಾಗುವುದು ಹಳೆಯ ಮಾಡಿನ ನೀರಿಗೆ ದಾರಿ ತೋರಿಸದೆ ಬಿಟ್ಟ ಕಡೆಯಲ್ಲೇ.

ಹಿಂಬದಿಯ ಗೋಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಎರಡು ಕಿಟಕಿಗಳಿದ್ದವು. ಗುಂಡಿಯ ಕೆಲಸ ನೋಡಲು ಕುರ್ಚಿ ಹಾಕಿಸಿಕೊಂಡು ಕೂತಿದ್ದ ಹಿರಿಯಮ್ಮನವರು, “ನೋಡಮ್ಮಾ, ಆ ಬಲಗಡೆ ಕಿಟಕಿಯಿಂದ ಬೆಳಗಿನ ಬಿಸಿಲು ದೇವರ ಮನೆ ಹೊಸ್ತಿಲ ತನಕ ಬರತ್ತೆ. ಅದೊಂದನ್ನ ಮುಚ್ಚಬೇಡ” ಎಂದರು. ನನ್ನ ಮೊದಲ ನಕ್ಷೆಯಲ್ಲಿ ಅದರ ಎದುರಿಗೆ ಮಲಗುವ ಕೋಣೆಯಿತ್ತು. ಆ ಕೋಣೆಯನ್ನು ಮಹಡಿಗೆ ಒಯ್ದು, ಕಿಟಕಿಯ ಮುಂದೆ ತೆರೆದ ಅಂಗಳ ಬಿಟ್ಟೆ. ಮಹಡಿ ಬಂದರೂ ಹೊಸ ಕೋಣೆಗಳ ಎತ್ತರ ಹತ್ತೇ ಅಡಿಯಾದ್ದರಿಂದ, ರಸ್ತೆಯಲ್ಲಿ ನಿಂತವರಿಗೆ ಹಳೆಯ ಮಾಡಿನ ಮೇಲೆ ಅದು ತಲೆಯೆತ್ತಿ ಕಾಣುವುದಿಲ್ಲ. ನೆಲಮಟ್ಟವನ್ನು ಮಾತ್ರ ಹಳೆಯ ಮನೆಯ ಜಗಲಿಯ ಮಟ್ಟಕ್ಕೇ ಸಮವಾಗಿ ತಂದಿದ್ದೇವೆ. ಅಮ್ಮನವರು ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲೂ ಇರಬಾರದು ಎಂಬುದರಲ್ಲಿ ನಾನು ಯಾವ ರಾಜಿಗೂ ಸಿದ್ಧಳಿರಲಿಲ್ಲ.

ಎಡಗಡೆಯ ಕಿಟಕಿಯನ್ನು ಬಾಗಿಲಾಗಿ ಮಾಡಿದೆವು. ಕಿಟಕಿಯ ಅಗಲವನ್ನು ಹಾಗೇ ಉಳಿಸಿಕೊಂಡು ಕೆಳಗಿನ ಗೋಡೆಯನ್ನಷ್ಟೇ ತೆಗೆದರೆ, ಮೇಲಿನ ಇಟ್ಟಿಗೆ ಕಮಾನನ್ನು ಮುಟ್ಟುವ ಅಗತ್ಯವಿಲ್ಲ, ಮೇಲಿನ ಗೋಡೆಯ ಭಾರ ಹೊರಲು ಹೊಸ ಲಿಂಟಲ್ ಕೂಡ ಬೇಕಿಲ್ಲ. ಯಂತ್ರದ ಕಂಪನ ಸುಣ್ಣದ ಗೋಡೆಗೆ ಆಗಿಬರದ ಕಾರಣ ಮೇಸ್ತ್ರಿಯವರು ಚಾಣ, ಸುತ್ತಿಗೆಗಳಿಂದ ಒಂದೊಂದೇ ಇಟ್ಟಿಗೆಯನ್ನು ಬಿಡಿಸಿದರು. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆಯನ್ನು ಕೀಳಹೋದರೆ ಸಾಮಾನ್ಯವಾಗಿ ಒಡೆಯುತ್ತದೆ. ಇವು ಗಾರೆಯನ್ನು ಉದುರಿಸಿಕೊಂಡು ಇಡಿಯಾಗಿ ಕೈಗೆ ಬಂದವು. ಅವನ್ನು ತೊಳೆದು ಅಂಗಳದ ಕಟ್ಟೆಗೆ ಬಳಸಿದೆವು, ಸುಣ್ಣದ ಗಾರೆಯಲ್ಲೇ ಕಟ್ಟಿಸಿದೆವು. ಒಳಗೋಡೆಗೆ ಯಾರೋ ಮುಂಚೆ ಬಳಿಸಿದ್ದ ಸಿಮೆಂಟಿನ ಗಿಲಾವು ತೇವವನ್ನು ಒಳಗೇ ಹಿಡಿದಿಟ್ಟು ಹಪ್ಪಳದಂತೆ ಎದ್ದಿತ್ತು. ಅದನ್ನು ಪೂರ್ತಿ ಕಿತ್ತು ಮತ್ತೆ ಸುಣ್ಣವನ್ನೇ ಬಳಿಸಿದೆ.

ಇನ್ನು ಉಳಿದಿರುವುದು ಮಂಗಳೂರು ಹೆಂಚಿನ ಕೆಲಸ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹೆಂಚುಗಳನ್ನು ಮಾಡುವ ಕಾರ್ಖಾನೆಗಳು ಹಲವಾದವು. ಹೆಂಚುಗಳು ಒಂದರೊಳಗೊಂದು ಕೂರುವ ತೋಡು ಒಂದೊಂದು ಕಾರ್ಖಾನೆಯದೂ ತುಸು ಬೇರೆಯಾದ್ದರಿಂದ ಒಂದರ ಪಕ್ಕಕ್ಕೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಸಂದಿನಲ್ಲಿ ನೀರು ಇಳಿಯುತ್ತದೆ. ಅದಕ್ಕಾಗಿ ಮುಂಬದಿಯ ಒಡೆದ ಹೆಂಚುಗಳ ಜಾಗಕ್ಕೆ ಅದೇ ಮುದ್ರೆಯ ಹೆಂಚುಗಳನ್ನು ಉಗ್ರಾಣದ ಹಿಂದಿನ ಇಳಿಮಾಡಿನಿಂದ ಇಳಿಸಿಕೊಳ್ಳುತ್ತಿದ್ದೇವೆ, ಹೊಸ ಹೆಂಚುಗಳನ್ನು ಆ ಇಳಿಮಾಡಿಗೆ ಒಟ್ಟಾಗಿ ಹೊದಿಸಲಿದ್ದೇವೆ. ಮಳೆಗಾಲಕ್ಕೆ ಮುಂಚೆ ಅದು ಮುಗಿಯಬೇಕು.