ಕಟ್ಟಿದ ದುಡ್ಡು ರಿಪೋರ್ಟಲ್ಲೂ ಕಟ್ಟಿದೆ ಅಂತಾನೇ ಬರ್ಬೇಕು

ಹಳೇ ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿ ಹೆಚ್ಚುಕಮ್ಮಿ ಒಂದು ವರ್ಷ ಆಗಿತ್ತು. ಕೆಲಸ ಹೋದಾಗ ನಾಲ್ಕು ತಿಂಗಳು ಕಟ್ಟಕ್ಕಾಗಿರ್ಲಿಲ್ಲ, ಅದು ನಿಜ, ಅದರ ಗುರುತು ಕ್ರೆಡಿಟ್ ರಿಪೋರ್ಟಲ್ಲಿ, ಅಂದ್ರೆ ನಾವು ಸಾಲ ಹೇಗೆ ತೀರಿಸಿದ್ವಿ ಅಂತ ಬರೆದಿಡೋ ದಾಖಲೇಲಿ, ಇದ್ರೆ ನನ್ನ ತಕರಾರಿಲ್ಲ. ಆದ್ರೆ ಆಮೇಲೆ ಬ್ಯಾಂಕಿನವರು ಅರ್ಧ ಕಟ್ಟಿ ಸೆಟಲ್ ಮಾಡ್ಕೊಳ್ಳಿ ಅಂತ ಫೋನ್ ಮಾಡಿದಾಗ್ಲೂ ಬೇಡ ಅಂದು ಬಡ್ಡಿ ಸಮೇತ ಪೂರ್ತಿ ಕಟ್ಟಿ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಲೆಟರ್ ತಗೊಂಡಿದ್ದೆ, ಯಾಕಂದ್ರೆ ಸೆಟಲ್ಡ್ ಅಂತ ಒಂದ್ಸಲ ಬಂತು ಅಂದ್ರೆ ಮುಂದೆ ಸಾಲ ಕೊಡೋರು ಅದನ್ನ ಇವ್ರು ಪೂರ್ತಿ ಕೊಟ್ಟಿಲ್ಲ ಅಂತಾನೇ ಓದ್ತಾರೆ. ಅದಾದ್ಮೇಲೆ ಎಫ್‌ಡಿ ಇಟ್ಟು ಚಿಕ್ಕ ಲಿಮಿಟ್‌ನ ಕಾರ್ಡ್ ತಗೊಂಡು, ಕಾಲು ಭಾಗನೂ ದಾಟದ ಹಾಗೆ ಬಳಸಿ, ತಿಂಗಳು ತಿಂಗಳು ಪೂರ್ತಿ ಬಿಲ್ ಕಟ್ಕೊಂಡು ಬಂದೆ. ಆ ರಿಪೋರ್ಟಿನ ಮೇಲೆ ಕೊಡೋ ಕ್ರೆಡಿಟ್ ಸ್ಕೋರ್ ಮಾತ್ರ ಮೇಲೇಳ್ಲೇ ಇಲ್ಲ.

ಅಲ್ಲೀವರೆಗೂ ಆ ಮೂರಂಕಿ ನಂಬರ್ ಒಂದನ್ನೇ ನೋಡ್ತಿದ್ದೆ. ಒಂದಿನ ರಾತ್ರಿ ಪೂರ್ತಿ ರಿಪೋರ್ಟ್ ಡೌನ್‌ಲೋಡ್ ಮಾಡಿ ಒಂದೊಂದೇ ಸಾಲು ನೋಡ್ದೆ. ಹಳೇ ಕಾರ್ಡಿನ ಮುಂದೆ ಸೆಟಲ್ಡ್ ಅಂತಿತ್ತು. ಹೊಸ ಕಾರ್ಡಿನ ಕೆಳಗೆ ತಿಂಗಳಿಗೊಂದರಂತೆ ಚಿಕ್ಕ ಚಿಕ್ಕ ಚೌಕ ಇರ್ತವಲ್ಲ, ಎಲ್ಲಾದ್ರಲ್ಲೂ ಸೊನ್ನೆ, ನಡುವೆ ಒಂದರಲ್ಲಿ 30. ಅಂದ್ರೆ ಆ ತಿಂಗಳು ನಾನು ಮೂವತ್ತು ದಿನ ತಡ. ತುಂಬಾ ಸಂಕಟ ಆಯ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದ್ರೆ ಕೊನೇ ದಿನಕ್ಕಿಂತ ಎರಡು ದಿನ ಮೊದ್ಲೇ ದುಡ್ಡು ಹೋಗಿದೆ! ಆ ತಿಂಗಳು ಕಾರ್ಡ್ ಬದಲಾಗಿತ್ತು, ಹಳೇ ನಂಬರಿಗೆ ಹೋದ ದುಡ್ಡು ಹೊಸ ನಂಬರಿಗೆ ಜಮಾ ಆಗೋಕೆ ತಡ ಮಾಡಿದ್ದಾರೆ, ಅದು ಆಮೇಲೆ ಗೊತ್ತಾಯ್ತು.

ಮೊದ್ಲು ಈ ರಿಪೋರ್ಟ್ ತಯಾರಿಸೋ ಕಂಪನಿ, ಅಂದ್ರೆ ಕ್ರೆಡಿಟ್ ಬ್ಯೂರೋ, ಅದರ ವೆಬ್‌ಸೈಟಲ್ಲಿ ಮಾತ್ರ ಇದು ತಪ್ಪು ಅಂತ ಡಿಸ್ಪ್ಯೂಟ್ ಹಾಕ್ದೆ. ಕೆಲವೇ ದಿನಕ್ಕೆ ಉತ್ತರ ಬಂತು, ಬ್ಯಾಂಕ್ ಮಾಹಿತಿ ಸರಿ ಇದೆ ಅಂದಿದೆ, ಬದಲಾವಣೆ ಇಲ್ಲ ಅಂತ. ಬ್ಯೂರೋದವರು ತಾವಾಗೇ ಏನೂ ತಿದ್ದಲ್ಲ, ಬ್ಯಾಂಕ್ ಕಳಿಸಿದ್ದನ್ನ ಇಟ್ಕೊಂಡಿರ್ತಾರೆ ಅಷ್ಟೆ, ನಾವು ದೂರು ಕೊಟ್ರೆ ಅದೇ ಬ್ಯಾಂಕನ್ನ ಕೇಳ್ತಾರೆ, ಬ್ಯಾಂಕಿನವರು ತಮ್ಮ ಕಂಪ್ಯೂಟರಲ್ಲಿ ಇರೋ ಅದೇ ತಪ್ಪನ್ನ ನೋಡಿ ಸರಿ ಇದೆ ಅಂತಾರೆ. ಹಾಗಾಗಿ ಎರಡನೇ ಸಲ ಬ್ಯಾಂಕಿಗೇ ಬರೆದೆ. ಎರಡು ತಪ್ಪಿಗೆ ಎರಡು ಬೇರೆ ಬೇರೆ ದೂರು, ಒಂದಕ್ಕೆ ನೋ ಡ್ಯೂ ಲೆಟರ್, ಇನ್ನೊಂದಕ್ಕೆ ಸ್ಟೇಟ್‌ಮೆಂಟಿನ ಆ ಒಂದು ಪುಟ, ತಾರೀಕಿಗೆ ಗೆರೆ ಎಳೆದು. ದೂರಿನ ನಂಬರ್ ಬರೆದಿಟ್ಕೊಂಡು ಬ್ಯೂರೋದಲ್ಲೂ ಮತ್ತೆ ಡಿಸ್ಪ್ಯೂಟ್ ಹಾಕ್ದೆ.

ಈ ಸಲ ಎರಡೂ ಸರಿ ಹೋಯ್ತು. ಆದ್ರೆ ಮುಂದಿನ ತಿಂಗಳು ನೋಡಿದ್ರೆ ಸೆಟಲ್ಡ್ ವಾಪಸ್ ಬಂದಿದೆ. ಅವತ್ತು ನಿಜವಾಗ್ಲೂ ಅಳು ಬಂತು. ಬ್ಯಾಂಕಿನ ಮೂಲ ದಾಖಲೆ ತಿದ್ದದೆ ಬ್ಯೂರೋಗೆ ಮಾತ್ರ ಸರಿ ಮಾಡಿ ಕಳಿಸಿದ್ರು, ತಿಂಗಳ ಮಾಹಿತಿ ಹೋಗುವಾಗ ಹಳೇದೇ ಮತ್ತೆ ಹೋಯ್ತು. ಅದಕ್ಕೇ ಹೇಳೋದು, ಸರಿಯಾಯ್ತು ಅಂತ ಮೆಸೇಜ್ ಬಂದ್ಮೇಲೂ ಎರಡು ಮೂರು ತಿಂಗಳು ರಿಪೋರ್ಟ್ ತೆಗೆದು ನೋಡ್ತಾ ಇರಿ, ನಿಮ್ಮ ರಿಪೋರ್ಟ್ ನೀವೇ ನೋಡಿದ್ರೆ ಸ್ಕೋರ್ ಇಳಿಯಲ್ಲ.

ಕಾನೂನು ನಮ್ಮ ಕಡೆ ಇದೆ. ಭಾರತದಲ್ಲಿ ಬ್ಯಾಂಕ್, ಬ್ಯೂರೋದವರು 30 ದಿನದೊಳಗೆ ದೂರು ಮುಗಿಸ್ಬೇಕು, ಮೀರಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಸುತ್ತೋಲೆ ಹೊರಡಿಸಿದೆ. ಅಮೆರಿಕಾದಲ್ಲಿರೋರಿಗೆ 1970ರ ಕಾನೂನಿದೆ, ಅಲ್ಲೂ ಸಾಮಾನ್ಯವಾಗಿ 30 ದಿನಾನೇ. ದುಡ್ಡು ಕೊಟ್ರೆ ಎಲ್ಲಾ ಅಳಿಸಿಬಿಡ್ತೀವಿ ಅನ್ನೋ ಏಜೆಂಟರ ಹತ್ರ ದಯವಿಟ್ಟು ಹೋಗ್ಬೇಡಿ, ನಿಜವಾಗಿ ತಡ ಮಾಡಿದ್ದನ್ನ ಯಾರೂ ಅಳಿಸಕ್ಕಾಗಲ್ಲ, ತಪ್ಪಾಗಿ ಬಂದಿದ್ದನ್ನ ನಾವೇ ದುಡ್ಡಿಲ್ಲದೆ ತಿದ್ದಿಸ್ಬಹುದು.

ಬ್ಯಾಂಕಿಗೆ ಮತ್ತೆ ಬರೆದ್ಮೇಲೆ ಹಳೇ ಕಾರ್ಡ್ ಈಗ ಕ್ಲೋಸ್ಡ್, ಅಂದ್ರೆ ಪೂರ್ತಿ ಕಟ್ಟಿ ಮುಗಿದಿದೆ, ಅಂತಿದೆ, ಮೂರು ತಿಂಗಳಿಂದ ಹಾಗೇ ಇದೆ. ಇನ್ನೊಂದು ಬ್ಯೂರೋ ರಿಪೋರ್ಟಲ್ಲಿ ಆ 30 ಇನ್ನೂ ಕೂತಿದೆ. ಅದಕ್ಕೂ ಮೊನ್ನೆ ದೂರು ಹಾಕಿ, ಮೂವತ್ತನೇ ದಿನ ಯಾವತ್ತು ಅಂತ ಕ್ಯಾಲೆಂಡರಲ್ಲಿ ಸುತ್ತು ಹಾಕಿಟ್ಟಿದ್ದೀನಿ.