ಲೂಸಿಯ ತೊಡೆಮೂಳೆ

ಬದಿಯಡ್ಕದ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವವಿಕಾಸ ಕಲಿಸುವಾಗ ನಾನು ತಲೆಬುರುಡೆಯಿಂದ ಆರಂಭಿಸುವುದಿಲ್ಲ. ಮಿದುಳನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಆಸಕ್ತಿ ಸೊಂಟದಿಂದ ಕೆಳಗೆ.

1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಪಳೆಯುಳಿಕೆಯಾಗಿ ಸಿಕ್ಕ ಆದಿಮಾನವ ಕುಲದ ಲೂಸಿ ಸುಮಾರು 32 ಲಕ್ಷ ವರ್ಷ ಹಳೆಯವಳು, ಎತ್ತರ ಮೂರೂವರೆ ಅಡಿ. ಅವಳ ತೊಡೆಮೂಳೆ ಮೊಣಕಾಲಿನ ಕಡೆಗೆ ಒಳಕ್ಕೆ ಓರೆಯಾಗಿದೆ. ಆದ್ದರಿಂದ ನಡೆಯುವಾಗ ಪಾದ ದೇಹದ ಭಾರದ ನೇರಕ್ಕೇ ಬೀಳುತ್ತದೆ. ಚಿಂಪಾಂಜಿಗೆ ಈ ಓರೆ ಇಲ್ಲ. ಎರಡು ಕಾಲಲ್ಲಿ ನಡೆದರೆ ಅತ್ತಿತ್ತ ವಾಲುತ್ತದೆ. ಆದರೆ ಲೂಸಿಯ ಬೆರಳಿನ ಮೂಳೆಗಳು ಬಾಗಿವೆ, ಕಾಲುಗಳು ಗಿಡ್ಡ. ಅದು ಮರ ಹತ್ತಲು ಹೊಂದುವ ಮೈಕಟ್ಟು.

“ಹಾಗಾದರೆ ಅಡಿಕೆ ಕೊಯ್ಯಲಿಕ್ಕೂ ಆಗುತ್ತಿತ್ತು, ಟೀಚರೇ” ಎಂದ ಹಿಂದಿನ ಬೆಂಚಿನವ. ಕೊಯ್ಲಿಗೆ ಆಳು ಸಿಗದ ಊರು, ಪಾಪ!

1984ರಲ್ಲಿ ಕೀನ್ಯಾದಲ್ಲಿ ಸಿಕ್ಕ ಇನ್ನೊಂದು ಪಳೆಯುಳಿಕೆ, ತುರ್ಕಾನಾ ಬಾಲಕ, ಸುಮಾರು 15 ಲಕ್ಷ ವರ್ಷ ಹಿಂದಿನವನು. ಅವನದು ಉದ್ದ ಕಾಲು, ಬಯಲಲ್ಲಿ ದೂರ ನಡೆಯುವ ಮೈಕಟ್ಟು. ಮರದ ಕೆಲಸಕ್ಕೆ ನಾನಾದರೆ ಲೂಸಿಯನ್ನೇ ಕರೆಯುತ್ತೇನೆ.